ಕಣ್ಣು ಮೋಸ ಹೋಗಲಿ, ಕಿಸೆ ಮೋಸ ಹೋಗದಿರಲಿ: ‘ಆಪ್ ಆರ್ಟ್’ ನೆಲಹಾಸು ಕೊಳ್ಳುವ ಮುನ್ನ

ನಡುಮನೆಯ ನೆಲದಲ್ಲಿ ದೊಡ್ಡದೊಂದು ಗುಂಡಿ. ಕಪ್ಪು-ಬಿಳಿ ಚೌಕಗಳು ಒಳಗೊಳಗೇ ಜಾರಿ ನಡುವಿನ ಕತ್ತಲಲ್ಲಿ ಮಾಯವಾಗುತ್ತವೆ. ಹತ್ತಿರ ಹೋಗಿ ಕಾಲಿಟ್ಟರೆ ಗುಂಡಿಯೂ ಇಲ್ಲ, ಏನೂ ಇಲ್ಲ. ಸಪಾಟಾದ ಬಟ್ಟೆ ಅಷ್ಟೆ. ಮೊಬೈಲ್ ಪರದೆಯ ಮೇಲೆ ಇಂಥ ನೆಲಹಾಸುಗಳ ಜಾಹೀರಾತು ಕಾಣದವರು ಈಗ ಕಡಿಮೆ. ಹೊಸ ಮನೆ ಕಟ್ಟಿಸಿದವರು, ಗೃಹಪ್ರವೇಶಕ್ಕೆ ಉಡುಗೊರೆ ಹುಡುಕುವವರು ಒಮ್ಮೆಯಾದರೂ ಅದರ ಮೇಲೆ ಬೆರಳಿಟ್ಟಿರುತ್ತಾರೆ.

ತರಿಸಿಕೊಂಡವರಲ್ಲಿ ಹಲವರಿಗೆ ಕಟ್ಟು ಬಿಚ್ಚಿದಾಗ ನಿರಾಸೆಯಾಗುತ್ತದೆ. ಚಿತ್ರದಲ್ಲಿ ದಪ್ಪ ಉಣ್ಣೆಯಂತೆ ಕಂಡದ್ದು ಕೈಗೆ ಬಂದಾಗ ತೆಳ್ಳನೆಯ ಪಾಲಿಯೆಸ್ಟರ್ ಬಟ್ಟೆ; ಅದರ ಮೇಲೆ ಗುಂಡಿಯ ಚಿತ್ರವನ್ನು ಯಂತ್ರದಲ್ಲಿ ಮುದ್ರಿಸಿರುತ್ತಾರೆ. ಆ ಗುಂಡಿಯೂ ಬಾಗಿಲ ಕಡೆಯಿಂದ ನೋಡಿದರೆ ಮಾತ್ರ ಗುಂಡಿ. ನೆರಳನ್ನು ಒಂದೇ ದಿಕ್ಕಿನ ನೋಟಕ್ಕೆ ಹೊಂದಿಸಿ ಬರೆದಿರುವುದರಿಂದ ಎದುರು ಗೋಡೆಯ ಬಳಿ ನಿಂತವರಿಗೆ ಅದು ಸೊಟ್ಟಗಾದ ಚಿತ್ರ. ಹಾಗೆಂದು ಈ ಬಗೆಯ ನೆಲಹಾಸುಗಳೆಲ್ಲ ಅಗ್ಗದ ಆಟಿಕೆಗಳೇನಲ್ಲ. ಇದರ ಹಿಂದೆ ಕಲೆಯ ಚರಿತ್ರೆಯಿದೆ, ನೇಕಾರಿಕೆಯ ಲೆಕ್ಕವಿದೆ. ಗಡಿಯ ಆಚೀಚೆ ಇರುವ ಕನ್ನಡಿಗರಿಗೆ ತೀರ ಹತ್ತಿರದ ಊರುಗಳ ನಂಟೂ ಇದೆ. ಅದನ್ನೆಲ್ಲ ತಿಳಿದು ಕೊಂಡರೆ ಕೊಟ್ಟ ಹಣಕ್ಕೆ ಬೆಲೆ.

ಏನಿದು ಆಪ್ ಆರ್ಟ್?

‘ಆಪ್ಟಿಕಲ್ ಆರ್ಟ್’ ಎಂಬುದರ ಮೊಟಕು ರೂಪವೇ ‘ಆಪ್ ಆರ್ಟ್’. ದೃಷ್ಟಿಯನ್ನೇ ಆಟಕ್ಕೆಳೆಯುವ ಕಲೆ ಎನ್ನಬಹುದು. ಈ ಹೆಸರು ಪತ್ರಿಕೆಗಳಲ್ಲಿ ಬಳಕೆಗೆ ಬಂದದ್ದು 1964ರಲ್ಲಿ. ಮರುವರ್ಷ, ಅಂದರೆ 1965ರಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ‘ದಿ ರೆಸ್ಪಾನ್ಸಿವ್ ಐ’ ಎಂಬ ಪ್ರದರ್ಶನ ನಡೆದು ಇದು ಮನೆಮಾತಾಯಿತು. ಇದರ ಪಿತಾಮಹನೆಂದು ಹೆಸರಾದ ವಿಕ್ಟರ್ ವಾಸರೆಲಿ (1906-1997) ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದವರು. ಚೌಕಗಳ ಜಾಲದ ನಡುವೆ ಚೆಂಡೊಂದು ಉಬ್ಬಿ ಬಂದಂತೆ ಕಾಣುವ ಚಿತ್ರಗಳು ಅವರವು. ಬ್ರಿಟನ್ನಿನ ಬ್ರಿಜೆಟ್ ರೈಲಿ 1931ರಲ್ಲಿ ಹುಟ್ಟಿದವರು. 1961ರ ಅವರ ಒಂದು ಚಿತ್ರದಲ್ಲಿ ಇರುವುದು ಬರೀ ಕಪ್ಪು-ಬಿಳಿ ಚೌಕಗಳು. ಒಂದು ಕಡೆಯಿಂದ ಬರಬರುತ್ತ ಅವುಗಳ ಅಗಲ ಕಿರಿದಾಗುತ್ತದೆ. ಅಷ್ಟಕ್ಕೇ ಕಾಗದ ಮಡಚಿಕೊಂಡು ಒಳಗೆ ಕುಸಿದಂತೆ ತೋರುತ್ತದೆ.

ಕಣ್ಣು ಹೀಗೇಕೆ ಏಮಾರುತ್ತದೆ? ಕಣ್ಣು ಬರೀ ಬೆಳಕನ್ನು ಒಳಗೆ ಬಿಡುತ್ತದೆ, ಅರ್ಥ ಕಟ್ಟುವುದು ಮಿದುಳು. ಅಂಚು ಎಲ್ಲಿದೆ, ಯಾವುದು ಹತ್ತಿರ, ಯಾವುದು ದೂರ ಎಂದು ಅದು ಅನುಭವದ ಮೇಲೆ ಅಂದಾಜು ಹಾಕುತ್ತದೆ. ಒಂದೇ ವಸ್ತು ದೂರ ಹೋದಂತೆ ಚಿಕ್ಕದಾಗಿ ಕಾಣುವುದು ನಿತ್ಯದ ಅನುಭವವಲ್ಲವೇ? ಹಾಗಾಗಿ ಚೌಕಗಳು ಕ್ರಮವಾಗಿ ಚಿಕ್ಕದಾದರೆ ‘ಇಲ್ಲಿ ತಗ್ಗಿದೆ’ ಎಂದು ಮಿದುಳು ತೀರ್ಮಾನಿಸುತ್ತದೆ. ತೆಳು, ನಡು, ಗಾಢ ಎಂಬ ಮೂರು ಛಾಯೆಯ ವಜ್ರಾಕೃತಿಗಳನ್ನು ಒತ್ತಾಗಿ ಜೋಡಿಸಿದರೆ ಪೆಟ್ಟಿಗೆಗಳನ್ನು ಪೇರಿಸಿಟ್ಟಂತೆ ಕಾಣುತ್ತದೆ. ಹಳೆಯ ಮನೆಗಳ ಬಣ್ಣದ ಸಿಮೆಂಟ್ ಟೈಲ್ಸ್‌ಗಳಲ್ಲಿ ಈ ವಿನ್ಯಾಸ ನೋಡಿದವರಿಗೆ ಇದು ಹೊಸದಲ್ಲ. ಕಪ್ಪು ಚೌಕಗಳ ನಡುವಿನ ಬಿಳಿ ಗೆರೆಗಳು ಕೂಡುವಲ್ಲಿ ಇಲ್ಲದ ಬೂದು ಚುಕ್ಕೆಗಳು ಮಿನುಗುವುದನ್ನು ಜರ್ಮನಿಯ ಲುಡಿಮಾರ್ ಹರ್ಮನ್ 1870ರಲ್ಲೇ ಬರೆದಿಟ್ಟಿದ್ದರು. ಕಪ್ಪು-ಬಿಳಿ ಇಟ್ಟಿಗೆಗಳ ಸಾಲುಗಳನ್ನು ಅರ್ಧರ್ಧ ಸರಿಸಿ ಜೋಡಿಸಿದರೆ ನೇರ ಗೆರೆಗಳೂ ಓರೆಯಾಗಿ ಕಾಣುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹೋಟೆಲೊಂದರ ಗೋಡೆಯಲ್ಲಿ ಕಂಡದ್ದರಿಂದ ಇದಕ್ಕೆ ‘ಕೆಫೆ ಗೋಡೆ’ ಎಂದೇ ಹೆಸರು.

ಈ ಚಿತ್ರಗಳು ಗೋಡೆಯಿಂದ ಇಳಿದು ಬಟ್ಟೆಗೆ, ನೆಲಕ್ಕೆ ಬರಲು ತಡವಾಗಲಿಲ್ಲ. 1965ರಲ್ಲಿ ಪ್ರದರ್ಶನಕ್ಕೆಂದು ನ್ಯೂಯಾರ್ಕಿಗೆ ಬಂದ ರೈಲಿಗೆ ಅಂಗಡಿಗಳ ಕಿಟಕಿಗಳಲ್ಲಿ ತನ್ನ ಚಿತ್ರಗಳಂಥದ್ದೇ ವಿನ್ಯಾಸದ ಉಡುಪುಗಳು ಕಂಡವು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವರಿಗೆ ಅದು ಸಂತೋಷ ತರಲಿಲ್ಲ, ಪ್ರತಿಭಟಿಸಿದರು. ವಿನ್ಯಾಸ ಒಬ್ಬರದು, ಲಾಭ ಇನ್ನೊಬ್ಬರದು ಎಂಬ ಈ ಕಥೆ ನೇಕಾರರಿಗಂತೂ ಚೆನ್ನಾಗಿ ಗೊತ್ತು. ಯುರೋಪಿನಲ್ಲಿ ಡೆನ್ಮಾರ್ಕಿನ ವರ್ನರ್ ಪ್ಯಾಂಟನ್ (1926-1998) ಮುಂತಾದವರು 1960-70ರ ದಶಕಗಳಲ್ಲಿ ಇದೇ ಜಾಡಿನಲ್ಲಿ ಪೀಠೋಪಕರಣದ ಬಟ್ಟೆ, ನೆಲಹಾಸುಗಳಿಗೆ ವಿನ್ಯಾಸ ಮಾಡಿದರು. ಇಂದು ‘ವಿಂಟೇಜ್’ ಎಂದು ಹೆಚ್ಚಿನ ಬೆಲೆಗೆ ಕೈಬದಲಾಗುವವು ಮುಖ್ಯವಾಗಿ ಆ ಕಾಲದವು.

ಹೆಸರಿಗೂ ಮೊದಲೇ ಇದ್ದ ಕಲೆ

ಆದರೆ ನೆಲಹಾಸಿನ ಮಟ್ಟಿಗೆ ಕಣ್ಕಟ್ಟು ವಿದ್ಯೆ 1965ಕ್ಕಿಂತ ಬಹಳ ಹಳೆಯದು. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಹೆಂಗಸರು 19ನೇ ಶತಮಾನದ ಕೊನೆಯ ದಶಕಗಳಲ್ಲಿ ನೇಯ್ದ ಕಂಬಳಿಗಳಿಗೆ ವ್ಯಾಪಾರಿಗಳು ಇಟ್ಟ ಹೆಸರೇ ‘ಕಣ್ಣು ಕೋರೈಸುವವು’ ಎಂದು. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಿಂದ ರಾಸಾಯನಿಕ ಬಣ್ಣ ಹಾಕಿದ ಗಿರಣಿ ನೂಲು ಅವರ ಕೈಗೆ ಸಿಕ್ಕಿತು. ಅಲ್ಲಿಯವರೆಗೆ ಕಾಣದ ಕೆಂಪು, ಹಳದಿ, ಹಸಿರುಗಳನ್ನು ಹಲ್ಲುಹಲ್ಲಾದ ವಜ್ರಾಕೃತಿಗಳಲ್ಲಿ ಅವರು ಒತ್ತೊತ್ತಾಗಿ ನೇಯ್ದರು. ನೋಡುತ್ತ ನಿಂತರೆ ಕಂಬಳಿಯೇ ಅಲುಗಿದಂತಾಗುತ್ತದೆ.

ನಮ್ಮ ಕಡೆಗೆ ಬಂದರೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ. ಹತ್ತಿ ನೂಲಿನ ಈ ಜಮಖಾನಗಳನ್ನು ನೇಯುವವರು ಮುಸ್ಲಿಂ ಕುಟುಂಬಗಳ ಹೆಂಗಸರು. ಪೂರ್ವಿಕರು ಆದಿಲಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದವರೆಂಬುದು ಅಲ್ಲಿಯ ನಂಬಿಕೆ. ಪಗಡೆ ಹಾಸಿನ ಮಾದರಿ ಅದರ ಹೆಗ್ಗುರುತು. ನಾಲ್ಕು ತೋಳಿನ ಆ ಚೌಕಳಿ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಂಚು ನೋಡಿದರೆ ವಾಸರೆಲಿಯ ಹೆಸರು ಕೇಳದ ಕೈಗಳು ಇದನ್ನು ಎಷ್ಟು ಹಿಂದೆಯೇ ಮಾಡಿದ್ದವು ಎಂದು ಅನ್ನಿಸದಿರದು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ವಿದ್ಯೆ ಹೊರಗೆ ಹೋಗದಿರಲೆಂದು ಮದುವೆಯಾಗಿ ಬೇರೆ ಮನೆಗೆ ಹೋಗುವ ಮಗಳಿಗೆ ಕಲಿಸದೆ ಮನೆಗೆ ಬಂದ ಸೊಸೆಗೆ ಕಲಿಸುವ ವಾಡಿಕೆ ಹಿಂದೆ ಇತ್ತೆನ್ನುತ್ತಾರೆ. ಈಗ ಕಲಿಯಲು ಬರುವವರೇ ಕಡಿಮೆ. ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ.

ತಾಳವಾಡಿಯವರಿಗೆ ಭವಾನಿ ತಮ್ಮದೇ ಈರೋಡ್ ಜಿಲ್ಲೆಯ ಊರು. ಅಗಲ ಅಗಲ ಬಣ್ಣದ ಪಟ್ಟೆಗಳ ಭವಾನಿ ಜಮಕ್ಕಾಳಂ ಮದುವೆ ಮನೆಗಳಲ್ಲಿ ಹಾಸದ ದಿನವಿರಲಿಲ್ಲ. ಬಣ್ಣಕ್ಕೆ ಬಣ್ಣ ಎದುರಾಗಿ ನಿಂತ ಆ ಪಟ್ಟೆಗಳನ್ನು ದಿಟ್ಟಿಸಿ ನೋಡಿ ಕಣ್ಣು ಮುಚ್ಚಿದರೆ ಒಳಗೆ ಬೇರೆಯೇ ಬಣ್ಣದ ಪಟ್ಟೆ ತೇಲುತ್ತದೆ. ತೆಲಂಗಾಣದ ವಾರಂಗಲ್ ಜಮಖಾನಗಳಿಗೆ 2018ರಲ್ಲಿ ಭೌಗೋಳಿಕ ಸೂಚಕ ಬಂತು. ನೂಲಿಗೆ ಮೊದಲೇ ಕಟ್ಟು ಹಾಕಿ ಬಣ್ಣ ಅದ್ದಿ ಆಮೇಲೆ ನೇಯುವುದರಿಂದ ಆಕೃತಿಗಳ ಅಂಚು ಕದಡಿದಂತೆ, ಅಲುಗಿದಂತೆ ಕಾಣುವುದು ಅವುಗಳ ಚೆಂದ.

ವಿನ್ಯಾಸವೇ ಹೇಳುತ್ತದೆ ಗುಟ್ಟು

ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ನೆಲಹಾಸು ತಯಾರಾಗುವ ಬಗೆಗಳನ್ನು. ಯಾವ ವಿನ್ಯಾಸ ಯಾವ ಬಗೆಯಲ್ಲಿ ಸಾಧ್ಯ ಎಂಬುದು ಗೊತ್ತಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ.

ಜಮಖಾನ ಎಂದರೆ ಹಾಸು-ಹೊಕ್ಕುಗಳಿಂದಷ್ಟೇ ಆಗುವ ಚಪ್ಪಟೆ ನೇಯ್ಗೆ. ಅಡ್ಡಪಟ್ಟೆ ಅದಕ್ಕೆ ಸಲೀಸು, ಏಕೆಂದರೆ ಹೊಕ್ಕಿನ ಬಣ್ಣ ಬದಲಿಸಿದರಾಯಿತು. ಆದರೆ ಒಂದೇ ಸಾಲಿನಲ್ಲಿ ಕಪ್ಪು ಚೌಕ, ಪಕ್ಕದಲ್ಲಿ ಬಿಳಿ ಚೌಕ ಬೇಕೆಂದರೆ ಪ್ರತಿ ಚೌಕದ ನೂಲನ್ನೂ ಅದರ ಗಡಿಯವರೆಗೆ ಮಾತ್ರ ಕೈಯಿಂದ ಒಯ್ದು ತಿರುಗಿಸಿ ತರಬೇಕು, ಪಂಜಾದಿಂದ ಬಡಿದು ಕೂರಿಸಬೇಕು. ನೆಟ್ಟಗಿನ ಉದ್ದ ಗಡಿ ಇದ್ದಲ್ಲಿ ಎರಡು ಬಣ್ಣಗಳ ನಡುವೆ ಸೀಳು ಬಿಡುತ್ತದೆ, ಇಲ್ಲವೇ ನೂಲುಗಳನ್ನು ಒಂದಕ್ಕೊಂದು ತೊಡರಿಸಬೇಕಾಗುತ್ತದೆ. ಅದಕ್ಕೇ ಜಮಖಾನಗಳಲ್ಲಿ ಮೆಟ್ಟಿಲಾಕೃತಿ ಹೆಚ್ಚು, ದುಂಡು ಕಡಿಮೆ. ಹೀಗೆ ಕೈಯಿಂದ ನೇಯ್ದದ್ದರ ಎರಡೂ ಮಗ್ಗುಲು ಒಂದೇ ಬಗೆಯಾಗಿ ಕಾಣುತ್ತವೆ, ಹಿಂದೆ ತೇಲುವ ನೂಲಿರುವುದಿಲ್ಲ. ಯಂತ್ರದ ಜಕಾರ್ಡ್ ನೇಯ್ಗೆಯಲ್ಲಾದರೆ ಹಿಂಬದಿಯಲ್ಲಿ ಬಣ್ಣ ತಿರುವುಮುರುವಾಗಿರುತ್ತದೆ ಅಥವಾ ನೂಲು ತೇಲುತ್ತಿರುತ್ತದೆ. ಸೋಲಾಪುರದ ಚಾದರು ಹೊದ್ದು ಬೆಳೆದವರಿಗೆ ಈ ತಿರುವುಮುರುವು ಹೇಳಿಕೊಡಬೇಕಾಗಿಲ್ಲ.

ರತ್ನಗಂಬಳಿಯ ಲೆಕ್ಕ ಬೇರೆ. ಅಲ್ಲಿ ಪ್ರತಿ ಕುಚ್ಚನ್ನೂ ಹಾಸಿನ ನೂಲಿಗೆ ಗಂಟು ಹಾಕಿ ಕತ್ತರಿಸುತ್ತಾರೆ. ಗ್ರಾಫ್ ಹಾಳೆಯ ಒಂದೊಂದು ಮನೆಗೂ ಒಂದೊಂದು ಗಂಟು ಎಂದುಕೊಳ್ಳಬಹುದು. ಚದರ ಇಂಚಿಗೆ 100 ಗಂಟು ಎಂದರೆ ಇಂಚಿನುದ್ದಕ್ಕೆ 10 ಮನೆ. ಇಷ್ಟರಲ್ಲಿ ಚೌಕ ಚೆನ್ನಾಗಿ ಬರುತ್ತದೆ, ಸಣ್ಣ ವೃತ್ತ ಬರೆಯಹೊರಟರೆ ಅಂಚು ಗರಗಸದಂತಾಗುತ್ತದೆ. ನುಣುಪಾದ ವೃತ್ತ ಬೇಕಾದರೆ ಗಂಟುಗಳು ಇನ್ನೂ ಒತ್ತಾಗಿರಬೇಕು, ಬೆಲೆಯೂ ಏರುತ್ತದೆ. 5 ಅಡಿಗೆ 7 ಅಡಿಯ ಕಂಬಳಿ ಎಂದರೆ 5,040 ಚದರ ಇಂಚು. ಇಂಚಿಗೆ 100ರಂತೆ 5,04,000 ಗಂಟುಗಳು. ಪಳಗಿದ ನೇಕಾರ ದಿನಕ್ಕೆ 8,000 ಗಂಟು ಹಾಕಿದರೂ ಒಬ್ಬನಿಗೆ 63 ದಿನದ ಕೆಲಸ. ‘ಕೈಗಂಟಿನ ರತ್ನಗಂಬಳಿ, ಎರಡು ಸಾವಿರ ರೂಪಾಯಿ ಮಾತ್ರ’ ಎಂಬ ಜಾಹೀರಾತು ಕಂಡಾಗ ಈ 63 ದಿನಗಳನ್ನು ನೆನೆದರೆ ಸಾಕು, ಬೇರೆ ಪರೀಕ್ಷೆ ಬೇಕಿಲ್ಲ.

ಹಾಗಾದರೆ ಅಂಗಡಿಗಳಲ್ಲಿ ಕಾಣುವ ಸುಳಿ, ಅಲೆ, ಒಂದರೊಳಗೊಂದು ವೃತ್ತ ಇವೆಲ್ಲ ಹೇಗೆ? ಇವುಗಳಲ್ಲಿ ಹೆಚ್ಚಿನವು ‘ಟಫ್ಟೆಡ್’. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಚಿತ್ರ ಬರೆದು, ಕೈಯಲ್ಲಿ ಹಿಡಿಯುವ ಬಂದೂಕಿನಂಥ ಯಂತ್ರದಿಂದ ನೂಲನ್ನು ತೂರಿಸುತ್ತ ಹೋಗುತ್ತಾರೆ. ಗೆರೆ ಹೇಗಿದ್ದರೆ ಹಾಗೆ ಕೈ ಓಡುತ್ತದೆ, ಆದ್ದರಿಂದ ದುಂಡಿಗೆ ತೊಂದರೆಯಿಲ್ಲ. ಕೆಲಸ ಬೇಗ ಮುಗಿಯುತ್ತದೆ. ಆದರೆ ಇಲ್ಲಿ ಗಂಟಿಲ್ಲ. ನೂಲು ಉದುರದಂತೆ ಹಿಂಬದಿಗೆ ಲೇಟೆಕ್ಸ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಅಂಟಿಸುತ್ತಾರೆ. ವರ್ಷಗಳು ಕಳೆದಂತೆ ಅಂಟು ಒಣಗಿ ಪುಡಿಯಾಗುತ್ತದೆ. ಗುಡಿಸುವಾಗ ಕೆಳಗೆ ಬಿಳಿಪುಡಿ ಬಿದ್ದರೆ ಅದರ ಆಯಸ್ಸು ಮುಗಿಯುತ್ತಿದೆ ಎಂದೇ ಅರ್ಥ. ಇದೂ ಕೈಕೆಲಸವೇ, ಮೋಸವೇನಲ್ಲ. ಆದರೆ ಟಫ್ಟೆಡ್ ಮಾಲನ್ನು ಕೈಗಂಟಿನ ಬೆಲೆಗೆ ಮಾರುವುದು ಮೋಸ. ಉತ್ತರ ಪ್ರದೇಶದ ಭದೋಹಿ-ಮಿರ್ಜಾಪುರ, ಹರಿಯಾಣದ ಪಾಣಿಪತ್ ಕಡೆಯಿಂದ ಎರಡೂ ಬಗೆಯವು ಬರುತ್ತವೆ. ವಿದೇಶದ ಅಂಗಡಿಗಳಲ್ಲಿ ‘ಆಧುನಿಕ ಯುರೋಪಿಯನ್ ವಿನ್ಯಾಸ’ ಎಂದು ಮಾರಾಟವಾಗುವ ಎಷ್ಟೋ ಆಪ್ ಆರ್ಟ್ ನೆಲಹಾಸುಗಳು ಹುಟ್ಟುವುದೂ ಅಲ್ಲಿಯೇ.

ಹೀಗಾಗಿ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಕೆಲಸ ನೆಲಹಾಸನ್ನು ಮಗುಚಿ ಹಾಕುವುದು. ಮುಂಭಾಗದ ವಿನ್ಯಾಸ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ, ಸಣ್ಣ ಸಣ್ಣ ಗಂಟುಗಳಲ್ಲಿ ಕಂಡರೆ ಕೈಗಂಟು. ಬಟ್ಟೆ ಅಂಟಿಸಿ ಮುಚ್ಚಿದ್ದರೆ ಟಫ್ಟೆಡ್. ಅಳತೆಪಟ್ಟಿ ಇಟ್ಟಂತೆ ಒಂದೇ ಸಮನಾದ ಸಾಲು, ಗಡುಸಾದ ಬಿಳಿ ಜಾಲ ಕಂಡರೆ ಯಂತ್ರದ್ದು. ಬರೀ ಬಿಳಿ ಬಟ್ಟೆ, ಬಣ್ಣ ಮೇಲ್ಗಡೆ ಮಾತ್ರ ಎಂದಾದರೆ ಮುದ್ರಿಸಿದ್ದು. ಅಂಚಿನ ಕುಚ್ಚನ್ನೂ ನೋಡಬೇಕು. ಅದು ಹಾಸಿನ ನೂಲೇ ಹೊರಬಂದದ್ದಾಗಿರಬೇಕು. ಬೇರೆ ಕುಚ್ಚನ್ನು ತಂದು ಹೊಲಿದಿದ್ದರೆ ಅಂಗಡಿಯವನ ಮಾತನ್ನು ಅಲ್ಲಿಗೇ ತೂಗಿ ನೋಡಬಹುದು.

ನೂಲಿನ ಬಗ್ಗೆ ಅನುಮಾನವಿದ್ದರೆ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡುವುದು ಹಳೆಯ ಉಪಾಯ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ‘ಆರ್ಟ್ ಸಿಲ್ಕ್’, ‘ಬ್ಯಾಂಬೂ ಸಿಲ್ಕ್’ ಎಂದರೆ ರೇಷ್ಮೆಯಲ್ಲ, ಸಾಮಾನ್ಯವಾಗಿ ವಿಸ್ಕೋಸ್. ಮಿರುಗುತ್ತದೆ ನಿಜ, ಆದರೆ ನೀರು ಬಿದ್ದರೆ ಕಲೆ ಕಟ್ಟುತ್ತದೆ. ಊಟಕ್ಕೆ ಕೂರುವ ಜಾಗಕ್ಕೆ ಅದು ಸಲ್ಲ.

ಕಪ್ಪು-ಬಿಳಿ ನೆಲಹಾಸಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಕಪ್ಪು ಭಾಗದ ಮೇಲೆ ಉಜ್ಜಬೇಕು. ಬಣ್ಣ ಹತ್ತಿದರೆ ಬಿಟ್ಟುಬಿಡುವುದೇ ಲೇಸು. ಬೇರೆ ಬಣ್ಣದ ಜಮಖಾನದಲ್ಲಿ ಸ್ವಲ್ಪ ಬಣ್ಣ ಬಿಟ್ಟರೂ ನಡೆದೀತು. ಆಪ್ ಆರ್ಟ್‌ನಲ್ಲಿ ಕಪ್ಪು ಬಿಳಿಗೆ ಇಳಿದು ಬೂದಿಯಾದ ದಿನ ಕಣ್ಕಟ್ಟೂ ಮುಗಿಯಿತು. ಉಳಿಯುವುದು ಕೊಳೆಯಾದ ಚೌಕಳಿ.

ಮೊಬೈಲ್‌ನಲ್ಲಿ ಫೋಟೋ ನೋಡಿ ಕೊಳ್ಳುವವರಿಗೆ ಒಂದು ಮಾತು. ಒತ್ತಾದ ಗೆರೆಗಳ ಫೋಟೋ ತೆಗೆದಾಗ ಇಲ್ಲದ ಅಲೆಗಳು, ಬಣ್ಣದ ಉಂಗುರಗಳು ಪರದೆಯ ಮೇಲೆ ಮೂಡುತ್ತವೆ. ಅದು ಕ್ಯಾಮೆರಾದ ಮನೆಗಳಿಗೂ ನೆಲಹಾಸಿನ ಗೆರೆಗಳಿಗೂ ಆಗುವ ತಿಕ್ಕಾಟ. ಫೋಟೋದಲ್ಲಿ ಅಲುಗಿದಂತೆ ಕಂಡದ್ದು ಮನೆಯಲ್ಲಿ ಸುಮ್ಮನೆ ಮಲಗಿರಬಹುದು. ಹಿಂಬದಿಯ ಫೋಟೋ, ಒಂದು ಮೂಲೆಯನ್ನು ಮಡಚಿ ಹಿಡಿದ ಫೋಟೋ ಕೇಳಿ ತರಿಸಿಕೊಂಡರೆ ಹೆಚ್ಚು ತಿಳಿಯುತ್ತದೆ.

ಹಳೆಯದು ಕೊಳ್ಳುವುದಾದರೆ

ವ್ಯಾಪಾರದ ವಾಡಿಕೆಯಲ್ಲಿ ನೂರು ವರ್ಷ ಮೀರಿದ್ದು ‘ಆಂಟಿಕ್’, ಅದಕ್ಕೂ ಈಚಿನ ಕೆಲವು ದಶಕಗಳದ್ದು ‘ವಿಂಟೇಜ್’. ‘ವಿಂಟೇಜ್ ಸ್ಟೈಲ್’ ಎಂದು ಬರೆದಿದ್ದರೆ ಹಳೆಯದಲ್ಲವೆಂದೇ ಅರ್ಥ. ಹೊಸ ಕಂಬಳಿಯ ಕುಚ್ಚು ಕತ್ತರಿಸಿ, ರಾಸಾಯನಿಕದಲ್ಲಿ ತೊಳೆದು ಸವೆದಂತೆ ಮಾಡುವವರೂ ಇದ್ದಾರೆ. ನಿಜವಾದ ಸವೆತ ಒಂದೇ ಸಮ ಇರುವುದಿಲ್ಲ. ಜನ ನಡೆದಾಡಿದ ಕಡೆ ಹೆಚ್ಚು, ಮಂಚದ ಕೆಳಗಿದ್ದ ಕಡೆ ಕಡಿಮೆ. ಕುಚ್ಚನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಬುಡದಲ್ಲಿ ಬಣ್ಣ ಗಾಢ, ತುದಿಯಲ್ಲಿ ಮಾಸಲು. ಆ ಇಳಿಕೆ ನಯವಾಗಿರುತ್ತದೆ. ಬಹಳ ಹಳೆಯ ಉಣ್ಣೆ ಕಂಬಳಿಗಳಲ್ಲಿ ಕಪ್ಪು, ಕಂದು ಭಾಗ ಮಾತ್ರ ತಗ್ಗಿರುವುದುಂಟು. ಕಬ್ಬಿಣದ ಅಂಶವಿರುವ ಬಣ್ಣ ಉಣ್ಣೆಯನ್ನು ತಿನ್ನುವುದರಿಂದ ಹೀಗಾಗುತ್ತದೆ. ಅದು ದೋಷವಲ್ಲ, ವಯಸ್ಸಿನ ಗುರುತು.

ವಾಸರೆಲಿಯಂಥ ದೊಡ್ಡ ಹೆಸರು ಹೇಳಿ ಮಾರುವಾಗ ಕಾಗದಪತ್ರ ಕೇಳಲೇಬೇಕು. ಅವರ ವಿನ್ಯಾಸದ ಗೋಡೆ ಚಿತ್ರವಸ್ತ್ರಗಳನ್ನು ಫ್ರಾನ್ಸಿನ ಓಬುಸೋನ್ ನೇಕಾರರು ನೇಯ್ದದ್ದುಂಟು. ಅಂಥವುಗಳ ಹಿಂದೆ ಹೆಸರು, ಸಂಖ್ಯೆ, ಸಹಿ ಇರುವ ಬಟ್ಟೆಯ ಚೀಟಿ ಹೊಲಿದಿರುತ್ತಾರೆ. ಚೀಟಿಯಿಲ್ಲದೆ ಬರೀ ‘ವಾಸರೆಲಿ ಶೈಲಿ’ ಎಂದರೆ ಶೈಲಿಗೆ ತಕ್ಕ ಬೆಲೆ ಸಾಕು, ಹೆಸರಿಗೆ ಕೊಡಬೇಕಾಗಿಲ್ಲ.

ಭಾರತದಲ್ಲಿ ಹಳೆಯದನ್ನು ಹುಡುಕುವವರು ಬ್ರಿಟಿಷರ ಕಾಲದ ಜೈಲು ಜಮಖಾನಗಳನ್ನು ಮರೆಯಬಾರದು. ಪುಣೆಯ ಯರವಡಾ, ರಾಜಸ್ಥಾನದ ಬಿಕಾನೇರ್ ಮುಂತಾದ ಜೈಲುಗಳಲ್ಲಿ ಕೈದಿಗಳು ನೇಯ್ದ ನೆಲಹಾಸುಗಳಿಗೆ ಇಂದು ವಿದೇಶದ ಸಂಗ್ರಾಹಕರಲ್ಲಿ ಒಳ್ಳೆಯ ಬೆಲೆಯಿದೆ. ನಮ್ಮ ಅಟ್ಟಗಳಲ್ಲಿ, ದೇವಸ್ಥಾನದ ಉಗ್ರಾಣಗಳಲ್ಲಿ ಸುತ್ತಿಟ್ಟ ಹಳೆಯ ಜಮಖಾನಗಳೂ ಹಾಗೆಯೇ. ಪಾತ್ರೆ ವ್ಯಾಪಾರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ, ಬಿಸಿಲಿಗೆ ಹಿಡಿದು, ನುಸಿ ತಿಂದಿದೆಯೇ ಎಂದು ನೋಡುವುದು ಒಳ್ಳೆಯದು.

ಮನೆಯಲ್ಲಿ ಹಿರಿಯರಿದ್ದರೆ

ಅಂಗಡಿಯವರು ಹೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಕಣ್ಣಿಗೆ ಗುಂಡಿಯಂತೆ ಕಾಣುವ ನೆಲಹಾಸು ಹುಡುಗರಿಗೆ ತಮಾಷೆ, ಎಪ್ಪತ್ತು ದಾಟಿದವರಿಗೆ ಅಪಾಯ. ಕಣ್ಣಿನ ಪೊರೆ ಬಂದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಆಳ-ಎತ್ತರದ ಅಂದಾಜು ಮೊದಲೇ ತಪ್ಪಿರುತ್ತದೆ. ನೆಲದ ಮೇಲಿನ ಕಪ್ಪು ವೃತ್ತ ಅವರಿಗೆ ನಿಜವಾಗಿಯೂ ಗುಂಡಿಯೇ. ಅದನ್ನು ದಾಟಲು ಕಾಲು ಎತ್ತಿ ಹಾಕುತ್ತಾರೆ, ಗೋಡೆ ಹಿಡಿದು ಸುತ್ತಿ ಹೋಗುತ್ತಾರೆ, ಆಯ ತಪ್ಪುತ್ತಾರೆ. ಮರೆವಿನ ಕಾಯಿಲೆಯವರು ಇರುವ ಮನೆಗಳಲ್ಲಿ ಗಾಢ ಬಣ್ಣದ ಚಾಪೆ, ಅಬ್ಬರದ ವಿನ್ಯಾಸದ ನೆಲ ಬೇಡ ಎಂದು ತಜ್ಞರು ಹೇಳುವುದು ಇದಕ್ಕೇ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಆಗುವ ಖರ್ಚಿನ ಮುಂದೆ, ಆಗುವ ಸಂಕಟದ ಮುಂದೆ ನೆಲಹಾಸಿನ ಬೆಲೆ ಯಾವ ಲೆಕ್ಕ?

ಒತ್ತಾದ ಕಪ್ಪು-ಬಿಳಿ ಪಟ್ಟೆಗಳು ಕೆಲವರಿಗೆ ಅರೆತಲೆನೋವು ತರುತ್ತವೆ. ಮೂರ್ಛೆರೋಗ ಇರುವ ಕೆಲವರಲ್ಲಿ ಮೂರ್ಛೆಯನ್ನೂ ತರಿಸಬಲ್ಲವು. ಅಂಥವರಿರುವ ಮನೆಯಲ್ಲಿ ವೈದ್ಯರನ್ನು ಕೇಳದೆ ಕೊಳ್ಳಬಾರದು. ಆದರೂ ಆಸೆಯಿದ್ದರೆ ದಾರಿಯಿದೆ. ಓಡಾಟದ ಜಾಗ, ಬಚ್ಚಲ ಬಾಗಿಲು, ಮೆಟ್ಟಿಲ ಬುಡ ಬಿಟ್ಟು ಟೀಪಾಯಿ ಕೆಳಗೆ ಹಾಸಬಹುದು. ಗೋಡೆಗೆ ತೂಗುಹಾಕಿದರೆ ಇನ್ನೂ ಚೆಂದ. ಚಿತ್ರ ಹುಟ್ಟಿದ್ದೇ ಗೋಡೆಗಾಗಿ ಅಲ್ಲವೇ? ಕಪ್ಪು-ಬಿಳಿಯ ಬದಲು ಕಂದು-ಕೆನೆ ಬಣ್ಣದ್ದನ್ನು ಆರಿಸಿದರೆ ಆಟ ಇರುತ್ತದೆ, ಅಬ್ಬರ ಇರುವುದಿಲ್ಲ. ಕೆಳಗೆ ಜಾರದಂಥ ರಬ್ಬರ್ ಜಾಲರಿ ಹಾಕುವುದನ್ನಂತೂ ಮರೆಯುವಂತಿಲ್ಲ, ಹೊಳಪಿನ ಟೈಲ್ಸ್ ಇರುವ ಹೊಸ ಮನೆಗಳಲ್ಲಿ ವಿಶೇಷವಾಗಿ.

ಗಡಿಯ ವ್ಯಾಪಾರ, ಗಡಿಯ ಮಾತು

ಎರಡು ಭಾಷೆ ಬಲ್ಲವರಿಗೆ ಇಲ್ಲೊಂದು ಲಾಭವಿದೆ, ಒಂದು ತೊಡಕೂ ಇದೆ. ಕನ್ನಡದ ಜಮಖಾನ ತಮಿಳಿನಲ್ಲಿ ಜಮಕ್ಕಾಳಂ. ಮರಾಠಿಯಲ್ಲಿ ಸತರಂಜಿ ಎಂದರೆ ಚಪ್ಪಟೆ ನೇಯ್ಗೆ, ಗಾಲಿಚಾ ಎಂದರೆ ಕುಚ್ಚಿನದು. ತೆಲುಗಿನ ತಿವಾಚಿ, ಮಲಯಾಳದ ಪರವತಾನಿ ರತ್ನಗಂಬಳಿಯ ಅರ್ಥದವು. ಬಾಯಿಮಾತಿನಲ್ಲಿ ಎಲ್ಲ ನಡೆಯುತ್ತದೆ. ಬಿಲ್ಲಿನಲ್ಲಿ ಮಾತ್ರ ಯಾವ ನೂಲು, ಕೈಮಗ್ಗವೋ ಯಂತ್ರವೋ, ಗಂಟೋ ಟಫ್ಟೆಡ್ಡೋ ಎಂದು ಬಿಡಿಸಿ ಬರೆಸಿಕೊಳ್ಳಬೇಕು. ‘ಕಾರ್ಪೆಟ್ - 1’ ಎಂದಷ್ಟೇ ಬರೆದ ಬಿಲ್ಲು ನಾಳೆ ಯಾವ ಕೆಲಸಕ್ಕೂ ಬಾರದು.

ಕೈಮಗ್ಗ ಮೀಸಲಾತಿ ಕಾಯ್ದೆ ಬಂದದ್ದು 1985ರಲ್ಲಿ. ಕೈಮಗ್ಗಕ್ಕೇ ಮೀಸಲಾದ 11 ಬಗೆಯ ಬಟ್ಟೆಗಳಲ್ಲಿ ಜಮಖಾನವೂ ಒಂದು. ಹಾಗಿದ್ದೂ ಸೋಲಾಪುರದ ಕಡೆಯ ವಿದ್ಯುತ್ ಮಗ್ಗದ ಮಾಲು ತಮ್ಮ ಊರಿನ ಹೆಸರಿನಲ್ಲಿ ಮಾರಾಟವಾಗುತ್ತಿದೆ ಎಂಬುದು ಭವಾನಿ ನೇಕಾರರ ಹಳೆಯ ದೂರು. ಅತ್ತ ಸೋಲಾಪುರದ ಚಾದರಿನ ಹೆಸರಿನಲ್ಲಿ ಹೊರಗಿನ ಸರಕು ಬರುತ್ತದೆಂದು ಸೋಲಾಪುರದವರ ದೂರು! ಒಂದು ಗಡಿಯಲ್ಲಿ ನೊಂದವರೇ ಇನ್ನೊಂದು ಗಡಿಯಲ್ಲಿ ನೋಯಿಸಿದವರು ಎನಿಸಿಕೊಳ್ಳುವ ಈ ಗೋಜಲಿನಲ್ಲಿ ಕೊಳ್ಳುವವನಿಗೆ ಆಸರೆ ಗುರುತುಚೀಟಿ ಮಾತ್ರ. ಬರೀ ಪಟ್ಟೆಯ ಜಮಖಾನದಲ್ಲಿ ಕೈಮಗ್ಗ, ಯಂತ್ರದ ವ್ಯತ್ಯಾಸ ಕಣ್ಣಿಗೆ ಸುಲಭವಾಗಿ ಸಿಗದು. 2006ರಲ್ಲಿ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’, 2015ರ ‘ಇಂಡಿಯಾ ಹ್ಯಾಂಡ್‌ಲೂಮ್’ ಗುರುತು, ಭೌಗೋಳಿಕ ಸೂಚಕದ ಚಿಹ್ನೆ ಇವೆಯೇ ಎಂದು ನೋಡಬೇಕು. ರತ್ನಗಂಬಳಿಗಳಲ್ಲಿ ಮಕ್ಕಳ ದುಡಿಮೆ ಇಲ್ಲವೆಂದು ಖಾತ್ರಿ ಕೊಡುವ ‘ಗುಡ್‌ವೀವ್’ ಚೀಟಿಯಿದೆ. ಮುಂದೆ 2014ರಲ್ಲಿ ನೊಬೆಲ್ ಪಡೆದ ಕೈಲಾಶ್ ಸತ್ಯಾರ್ಥಿ ಮತ್ತಿತರರ ಹೋರಾಟದಿಂದ 1994ರಲ್ಲಿ ‘ರಗ್‌ಮಾರ್ಕ್’ ಎಂದು ಶುರುವಾದದ್ದು, 2009ರಲ್ಲಿ ಈ ಹೆಸರು ಪಡೆಯಿತು.

ಮೋಸ ಹೋದರೆ? ಬೇರೆ ರಾಜ್ಯದ ಅಂಗಡಿ, ಎಲ್ಲಿ ಹೋಗಿ ದೂರು ಕೊಡುವುದು ಎಂದು ಗಡಿಭಾಗದವರು ಸುಮ್ಮನಾಗುವುದೇ ಹೆಚ್ಚು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಈ ತೊಂದರೆಯನ್ನು ತಪ್ಪಿಸಿದೆ. ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅಕ್ಕಲಕೋಟೆಯವರು ಸೋಲಾಪುರದಲ್ಲಿ, ಮಡಕಶಿರದವರು ತಮ್ಮ ಜಿಲ್ಲೆಯಲ್ಲಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಆನ್‌ಲೈನ್ ಮಾರಾಟಗಾರರು ಮಾಲು ಯಾವ ದೇಶದ್ದೆಂದು ತಿಳಿಸಲೇಬೇಕೆಂಬ ನಿಯಮ 2020ರಿಂದ ಇದೆ. ಜಾಹೀರಾತಿನ ಪುಟವನ್ನು ಮೊಬೈಲ್‌ನಲ್ಲಿ ಉಳಿಸಿಕೊಳ್ಳುವುದು, ಕಟ್ಟು ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳುವುದು ಆಮೇಲೆ ಸಾಕ್ಷಿಯಾಗುತ್ತದೆ.

ಅಂಗಡಿಗಿಂತ ಮಗ್ಗದ ಬಳಿಗೇ ಹೋಗುವುದು ಇನ್ನೊಂದು ದಾರಿ. ನವಲಗುಂದಕ್ಕೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಅಳತೆ, ಬಣ್ಣ ಹೇಳಿ ಮುಂಗಡ ಕೊಟ್ಟರೆ ನೇಯ್ದು ಕೊಡಲು ಸಮಯ ಬೇಕಾಗುತ್ತದೆ, ಹಬ್ಬಕ್ಕೆ ಬೇಕೆಂದರೆ ಬಹಳ ಮೊದಲೇ ಹೇಳಿರಬೇಕು. ವಿದೇಶಿ ಚಿತ್ರವೊಂದನ್ನು ಮೊಬೈಲ್‌ನಲ್ಲಿ ತೋರಿಸಿ ‘ಹೀಗೇ ನೇಯ್ದು ಕೊಡಿ’ ಎನ್ನುವುದಕ್ಕಿಂತ ಅವರ ಪಗಡೆ ಹಾಸನ್ನೇ ಕಪ್ಪು-ಬಿಳಿಯಲ್ಲಿ, ಇಲ್ಲವೇ ಒಂದೇ ಬಣ್ಣದ ಮೂರು ಛಾಯೆಗಳಲ್ಲಿ ಕೇಳುವುದು ಮೇಲು. ದುಂಡು ಸುಳಿ ಆ ಮಗ್ಗದಲ್ಲಿ ಬರುವುದಿಲ್ಲ. ಮೆಟ್ಟಿಲು ಬರುತ್ತದೆ, ಚೌಕ ಬರುತ್ತದೆ, ವಜ್ರ ಬರುತ್ತದೆ.